ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ: ವಿಂಡೋಸ್ ಸಮೇತ ಸ್ಥಳಾಂತರಿಸುವ ಸಮಗ್ರ ಮಾರ್ಗದರ್ಶಿ

ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಸಂಗ್ರಹ ಡ್ರೈವ್) ಹಾಕಲು ಹೊರಟವರು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು. ಕ್ಲೋನ್ (ಹಳೆಯ ಡಿಸ್ಕಿನಲ್ಲಿರುವ ಎಲ್ಲವನ್ನೂ ಹೊಸದಕ್ಕೆ ಹಾಗೆಯೇ ನಕಲಿಸುವುದು) ಅರ್ಧಕ್ಕೆ ನಿಂತಿತು. ಕ್ಲೋನ್ ಪೂರ್ತಿಯಾದರೂ ಯಂತ್ರ ಬೂಟ್ ಆಗುತ್ತಿಲ್ಲ, ಅಂದರೆ ವಿಂಡೋಸ್ ತೆರೆದುಕೊಳ್ಳುತ್ತಿಲ್ಲ. ಬೂಟ್ ಆದರೂ ನೀಲಿ ಪರದೆ ಬಂದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದೆ. ಹೊಸ ಎಸ್‌ಎಸ್‌ಡಿಯಲ್ಲಿ ಅರ್ಧ ಜಾಗ ಕಾಣಿಸುತ್ತಿಲ್ಲ. ಸ್ಕ್ರೂ ಬಿಚ್ಚುವ ಕೆಲಸದಲ್ಲಿ ಎಡವಿದವರು ಇವರಲ್ಲಿ ಕಡಿಮೆ. ಹೆಚ್ಚಿನವರು ಎಡವಿರುವುದು ಕ್ರಮದಲ್ಲಿ: ಡಿಸ್ಕಿನ ಆರೋಗ್ಯ ನೋಡುವ ಮೊದಲೇ ಕ್ಲೋನ್ ಆರಂಭಿಸಿರುತ್ತಾರೆ, ಬ್ಯಾಕಪ್ ಇಲ್ಲದೆ ಪಾರ್ಟಿಷನ್ (ಡಿಸ್ಕಿನ ವಿಭಾಗ) ಮುಟ್ಟಿರುತ್ತಾರೆ, ಅಥವಾ ಹಳೆಯ ಡಿಸ್ಕ್ ಮತ್ತು ಹೊಸ ಎಸ್‌ಎಸ್‌ಡಿ ಎರಡನ್ನೂ ಜೋಡಿಸಿಟ್ಟುಕೊಂಡು ಮೊದಲ ಬೂಟ್ ಮಾಡಿರುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ ಅನುಸರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇದು ವಿಂಡೋಸ್ 10 ಅಥವಾ 11 ಇರುವ, ಸಾಟಾ (ಡ್ರೈವ್ ಜೋಡಿಸುವ ಒಂದು ಬಗೆಯ ಸಂಪರ್ಕ) ಹಾರ್ಡ್ ಡಿಸ್ಕ್ ಹೊಂದಿರುವ ಲ್ಯಾಪ್‌ಟಾಪುಗಳಿಗಾಗಿ ಬರೆದದ್ದು. ಡೆಸ್ಕ್‌ಟಾಪಿಗೂ ಬಹುಪಾಲು ಅನ್ವಯಿಸುತ್ತದೆ.

## ಹಂತ 1: ಹಳೆಯ ಡಿಸ್ಕಿನ ಆರೋಗ್ಯವನ್ನು ಪರೀಕ್ಷಿಸಿ

ಎಸ್‌ಎಸ್‌ಡಿ ಕೊಳ್ಳುವ ಮೊದಲೇ ಮಾಡಬೇಕಾದ ಕೆಲಸವಿದು, ಏಕೆಂದರೆ ನೀವು ಯಾವ ದಾರಿ ಹಿಡಿಯಬೇಕು ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು ತೆರೆಯಿರಿ. ಮೇಲ್ಭಾಗದಲ್ಲಿ ‘ಗುಡ್’ ಎಂದಿದೆಯೋ ‘ಕಾಷನ್’ ಎಂದಿದೆಯೋ ನೋಡಿ. ಆದರೆ ಅಷ್ಟಕ್ಕೇ ತೃಪ್ತರಾಗದೆ ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳ ಕೊನೆಯ ಕಾಲಮ್ಮನ್ನು ಓದಿ. 05 ಎಂದರೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ವರ್ಗಾವಣೆಯಾದ ಸೆಕ್ಟರುಗಳು (ಡಿಸ್ಕಿನ ಸಣ್ಣ ಸಣ್ಣ ತುಣುಕುಗಳು). ಸಿ5 ಎಂದರೆ ಓದಲು ಕಷ್ಟವಾಗಿ, ಇನ್ನೂ ತೀರ್ಮಾನವಾಗದೆ ಉಳಿದ ಸೆಕ್ಟರುಗಳು. ಸಿ6 ಎಂದರೆ ಸರಿಪಡಿಸಲಾಗದವು.

ಮೂರೂ ಸಾಲುಗಳಲ್ಲಿ ಬರೀ ಸೊನ್ನೆಗಳಿದ್ದರೆ ಕ್ಲೋನ್ ಮಾಡಲು ಅಡ್ಡಿಯಿಲ್ಲ. 05ರಲ್ಲಿ ಸಣ್ಣ ಅಂಕಿಯಿದ್ದು ಉಳಿದೆರಡು ಸೊನ್ನೆಯಾಗಿದ್ದರೆ ಕ್ಲೋನ್ ಸಾಮಾನ್ಯವಾಗಿ ನಡೆಯುತ್ತದೆ. ಸಿ5ರಲ್ಲಿ ಸೊನ್ನೆಯಲ್ಲದೆ ಬೇರೇನಿದ್ದರೂ ಕ್ಲೋನ್ ಯೋಚನೆಯನ್ನು ಕೈಬಿಡುವುದೇ ಒಳ್ಳೆಯದು. ಕ್ಲೋನ್ ಮಾಡುವ ತಂತ್ರಾಂಶವು ಓದಲಾಗದ ಸೆಕ್ಟರಿಗೆ ಬಂದಾಗ ಅಲ್ಲಿಯೇ ನಿಂತು ಪದೇ ಪದೇ ಪ್ರಯತ್ನಿಸುತ್ತದೆ. ‘ಶೇಕಡಾ 60ಕ್ಕೆ ಬಂದು ನಿಂತುಬಿಟ್ಟಿತು’ ಎನ್ನುವವರಲ್ಲಿ ಅನೇಕರ ಸಮಸ್ಯೆ ಇದೇ. ಸಾಯುತ್ತಿರುವ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಒತ್ತಡ ಹಾಕಿದಷ್ಟೂ ಅದರ ಉಳಿದ ಆಯಸ್ಸು ವ್ಯರ್ಥವಾಗುತ್ತದೆ. ಅಂಥವರು ಮುಖ್ಯವಾದ ಕಡತಗಳನ್ನು ಮೊದಲು ಹೊರಗೆ ನಕಲಿಸಿಕೊಂಡು, ಹಂತ 9ರಲ್ಲಿರುವ ಹೊಸ ಇನ್‌ಸ್ಟಾಲ್ ದಾರಿಯನ್ನು ಹಿಡಿಯಬೇಕು.

ಡಿಸ್ಕಿನಿಂದ ಲಯಬದ್ಧವಾಗಿ ‘ಟಿಕ್ ಟಿಕ್’ ಸದ್ದು ಬರುತ್ತಿದ್ದರೆ ಪರೀಕ್ಷೆಯನ್ನೂ ಮಾಡಬೇಡಿ. ಕಡತಗಳು ಅಮೂಲ್ಯವಾಗಿದ್ದರೆ ಯಂತ್ರವನ್ನು ಆಗಲೇ ಆಫ್ ಮಾಡಿ ಡೇಟಾ ರಿಕವರಿ ಮಾಡುವವರಿಗೆ ಒಪ್ಪಿಸಿ.

## ಹಂತ 2: ಸರಿಯಾದ ಎಸ್‌ಎಸ್‌ಡಿ ಮತ್ತು ಉಪಕರಣಗಳನ್ನು ಹೊಂದಿಸಿಕೊಳ್ಳಿ

ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಂಥ ಡ್ರೈವ್ ಹಿಡಿಸುತ್ತದೆ ಎಂಬುದನ್ನು ಅಂದಾಜಿನಿಂದ ನಿರ್ಧರಿಸಬೇಡಿ. ಮಾದರಿಯ ಪೂರ್ಣ ಸಂಖ್ಯೆ ಯಂತ್ರದ ಅಡಿಭಾಗದ ಸ್ಟಿಕ್ಕರಿನಲ್ಲಿ ಇರುತ್ತದೆ. ಅದನ್ನು ಹಾಕಿ ತಯಾರಕರ ಜಾಲತಾಣದಲ್ಲಿ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ. ಲೆನೊವೊ, ಎಚ್‌ಪಿ, ಡೆಲ್ ಈ ಮೂವರೂ ಬಹುತೇಕ ಮಾದರಿಗಳಿಗೆ ಚಿತ್ರಸಹಿತ ಕೈಪಿಡಿಯನ್ನು ಉಚಿತವಾಗಿ ಕೊಡುತ್ತಾರೆ. ಯಾವ ಸ್ಕ್ರೂ ಎಲ್ಲಿದೆ ಎಂಬುದೂ ಅದರಲ್ಲಿಯೇ ಇರುವುದರಿಂದ ಹಂತ 6ಕ್ಕೂ ಅದು ಬೇಕಾಗುತ್ತದೆ.

ಹಾರ್ಡ್ ಡಿಸ್ಕ್ ಇದ್ದ ಜಾಗಕ್ಕೆ ಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಇವು ಸಾಮಾನ್ಯವಾಗಿ 7 ಮಿಲಿಮೀಟರ್ ದಪ್ಪ. ಹಳೆಯ ಯಂತ್ರಗಳಲ್ಲಿ 9.5 ಮಿಲಿಮೀಟರ್ ಡಿಸ್ಕ್ ಇದ್ದಿರಬಹುದು, ಆಗ 2.5 ಮಿಲಿಮೀಟರಿನ ಪ್ಲಾಸ್ಟಿಕ್ ಚೌಕಟ್ಟು ಬೇಕಾಗುತ್ತದೆ, ಇಲ್ಲದಿದ್ದರೆ ಡ್ರೈವ್ ಅಲುಗಾಡಿ ಕನೆಕ್ಟರ್ ಸಡಿಲವಾಗುತ್ತದೆ.

ನಿಮ್ಮ ಯಂತ್ರದಲ್ಲಿ ಎಂ.2 ಸ್ಲಾಟ್ (ಕಡ್ಡಿಯಾಕಾರದ ಎಸ್‌ಎಸ್‌ಡಿ ಕೂರುವ ಕಿಂಡಿ) ಇದ್ದರೆ ಹೆಚ್ಚು ಎಚ್ಚರ ಬೇಕು. ನೋಡಲು ಒಂದೇ ರೀತಿ ಇರುವ ಎಂ.2 ಕಡ್ಡಿಗಳಲ್ಲಿ ಎರಡು ಜಾತಿಗಳಿವೆ: ಅಂಚಿನಲ್ಲಿ ಎರಡು ಕಚ್ಚುಗಳಿರುವವು ಸಾಮಾನ್ಯವಾಗಿ ಸಾಟಾ, ಒಂದೇ ಕಚ್ಚು ಇರುವವು ಸಾಮಾನ್ಯವಾಗಿ ಎನ್‌ವಿಎಂಇ (ಸಾಟಾಗಿಂತ ವೇಗದ ಬೇರೆ ಸಂಪರ್ಕ). ಸಾಟಾ ಮಾತ್ರ ಒಪ್ಪುವ ಸ್ಲಾಟಿನಲ್ಲಿ ಎನ್‌ವಿಎಂಇ ಡ್ರೈವ್ ಕೆಲಸ ಮಾಡುವುದಿಲ್ಲ. ಸ್ಲಾಟ್ ಒಪ್ಪಿದರೂ ಕೆಲವು ಹಳೆಯ ಯಂತ್ರಗಳ ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ ಮೂಲ ತಂತ್ರಾಂಶ) ಎನ್‌ವಿಎಂಇಯಿಂದ ಬೂಟ್ ಮಾಡುವುದಿಲ್ಲ. ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ 2.5 ಇಂಚಿನ ಸಾಟಾ ಡ್ರೈವನ್ನೇ ಆರಿಸಿ. ವೇಗದಲ್ಲಿ ನಷ್ಟವಾಗುವುದೆಂದು ಚಿಂತಿಸಬೇಕಿಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿವರೆಗೆ ಓದುತ್ತದೆ, ಮತ್ತು ಹಳೆಯ ಯಂತ್ರದಲ್ಲಿ ನಿಮಗೆ ಕಾಣುವ ವ್ಯತ್ಯಾಸ ಬರುವುದು ಸಣ್ಣ ಸಣ್ಣ ಕಡತಗಳನ್ನು ತಡವಿಲ್ಲದೆ ತೆರೆಯುವುದರಿಂದ.

ಗಾತ್ರದ ವಿಷಯದಲ್ಲಿ ಆಗುವ ತಪ್ಪು ಬಹಳ ಸಾಮಾನ್ಯ. 500 ಜಿಬಿ ಡಿಸ್ಕಿಗೆ 480 ಜಿಬಿ ಎಸ್‌ಎಸ್‌ಡಿ ತಂದವರು ಎರಡೂ ಸಮವೆಂದುಕೊಳ್ಳುತ್ತಾರೆ. ವಿಂಡೋಸ್ ಲೆಕ್ಕದಲ್ಲಿ ಮೊದಲನೆಯದು 465 ಜಿಬಿ, ಎರಡನೆಯದು 447 ಜಿಬಿ. ಗುರಿ ಚಿಕ್ಕದಾಗಿರುವ ಕಾರಣ ಕೆಲವು ತಂತ್ರಾಂಶಗಳು ಕ್ಲೋನ್ ಮಾಡಲು ನಿರಾಕರಿಸುತ್ತವೆ. ಹಣ ಹೊಂದುವುದಾದರೆ ಹಳೆಯದಕ್ಕಿಂತ ದೊಡ್ಡ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಹೊಂದದಿದ್ದರೆ, ಈಗ ಬಳಕೆಯಲ್ಲಿರುವ ಜಾಗಕ್ಕಿಂತ ಕನಿಷ್ಠ ಕಾಲು ಭಾಗ ಹೆಚ್ಚು ಇರುವಂತೆ ನೋಡಿಕೊಳ್ಳಿ. ಪೂರ್ತಿ ತುಂಬಿದ ಎಸ್‌ಎಸ್‌ಡಿ ಬರೆಯುವಾಗ ನಿಧಾನವಾಗುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ಸೀರಿಯಲ್ ಸಂಖ್ಯೆ ನಮೂದಾದ ಜಿಎಸ್‌ಟಿ ಬಿಲ್ ಇಲ್ಲದೆ ಎಸ್‌ಎಸ್‌ಡಿ ತೆಗೆದುಕೊಳ್ಳಬೇಡಿ. ನಂಬಲಾಗದಷ್ಟು ಅಗ್ಗವಾಗಿ 2 ಟಿಬಿ ಎಂದು ಮಾರುವ ಹೆಸರಿಲ್ಲದ ಡ್ರೈವುಗಳಲ್ಲಿ ನಿಜವಾದ ಸಾಮರ್ಥ್ಯ ಅದರ ಒಂದು ಚೂರು ಮಾತ್ರ ಇರುತ್ತದೆ, ಅದು ತುಂಬಿದ ಮೇಲೆ ಬರೆದದ್ದೆಲ್ಲ ಹಾಳಾಗುತ್ತದೆ. ಅನುಮಾನವಿದ್ದರೆ ಕ್ಲೋನ್ ಮಾಡುವ ಮೊದಲು ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ಡ್ರೈವನ್ನು ಒಮ್ಮೆ ಬರೆದು ಓದಿಸಿ.

ಬೇಕಾದ ಉಳಿದ ಸಾಮಗ್ರಿಗಳು ಇವು: ಯುಎಸ್‌ಬಿ 3.0 ಬೆಂಬಲಿಸುವ ಸಾಟಾ ಅಡಾಪ್ಟರ್ ಅಥವಾ ಎನ್‌ಕ್ಲೋಶರ್ (ಡ್ರೈವನ್ನು ಹೊರಗಿನಿಂದ ಜೋಡಿಸುವ ಪೆಟ್ಟಿಗೆ), ಪಿಎಚ್0 ಮತ್ತು ಪಿಎಚ್00 ಅಳತೆಯ ಸ್ಕ್ರೂಡ್ರೈವರುಗಳು, ಹಳೆಯ ಪ್ಲಾಸ್ಟಿಕ್ ಕಾರ್ಡ್ ಅಥವಾ ಗಿಟಾರ್ ಪಿಕ್, ಬ್ಯಾಕಪ್‌ಗೆ ಒಂದು ಎಕ್ಸ್‌ಟರ್ನಲ್ ಡಿಸ್ಕ್, ಮತ್ತು ಕನಿಷ್ಠ 8 ಜಿಬಿಯ ಒಂದು ಪೆನ್ ಡ್ರೈವ್. ಎಂ.2 ಆದರೆ ಅದನ್ನು ಒತ್ತಿಹಿಡಿಯುವ ಪುಟ್ಟ ಸ್ಕ್ರೂ ಡ್ರೈವಿನ ಜೊತೆ ಬರದಿರುವುದೇ ಹೆಚ್ಚು, ಅಂಗಡಿಯಲ್ಲಿಯೇ ಕೇಳಿ ತೆಗೆದುಕೊಳ್ಳಿ. ಅದರ ಎನ್‌ಕ್ಲೋಶರ್ ಕೂಡ ಬೇರೆಯದೇ. ಪೆನ್ ಡ್ರೈವಿಗೆ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಮೂಲಕ ವಿಂಡೋಸ್ ಇನ್‌ಸ್ಟಾಲರನ್ನು ಈಗಲೇ ತುಂಬಿಸಿಡಿ. ಯಂತ್ರ ಬೂಟ್ ಆಗದೆ ನಿಂತ ಮೇಲೆ, ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇಲ್ಲದಿದ್ದರೆ, ಅದನ್ನು ತಯಾರಿಸಲು ದಾರಿಯೇ ಇರುವುದಿಲ್ಲ.

## ಹಂತ 3: ಬ್ಯಾಕಪ್ ಮಾಡಿ, ಮಾಡಿದ್ದನ್ನು ತೆರೆದು ನೋಡಿ

ಕ್ಲೋನ್ ಎಂಬುದು ಬ್ಯಾಕಪ್ ಅಲ್ಲ. ಮೂಲ ಮತ್ತು ಗುರಿ ಅದಲುಬದಲಾದರೆ ಖಾಲಿ ಎಸ್‌ಎಸ್‌ಡಿಯ ಪ್ರತಿ ನಿಮ್ಮ ತುಂಬಿದ ಡಿಸ್ಕಿನ ಮೇಲೆ ಬರೆಯಲ್ಪಡುತ್ತದೆ, ಆಮೇಲೆ ಏನೂ ಉಳಿಯುವುದಿಲ್ಲ. ಆದ್ದರಿಂದ ಮುಖ್ಯ ಕಡತಗಳ ಒಂದು ಪ್ರತಿ ಈ ಎರಡೂ ಡ್ರೈವುಗಳಿಂದ ಹೊರಗೆ ಇರಲೇಬೇಕು.

ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಫೋಲ್ಡರುಗಳನ್ನು ಎಲ್ಲರೂ ನಕಲಿಸುತ್ತಾರೆ. ತಪ್ಪಿಹೋಗುವುದು ಅವುಗಳ ಹೊರಗಿರುವವು. ಟ್ಯಾಲಿ ಬಳಸುವವರ ಲೆಕ್ಕವು ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಟ್ಯಾಲಿಯ ಡೇಟಾ ಪಾಥ್ ಯಾವುದೆಂದು ಅದರೊಳಗೇ ನೋಡಿಕೊಂಡು ಆ ಫೋಲ್ಡರನ್ನು ಇಡಿಯಾಗಿ ನಕಲಿಸಿ. ಔಟ್‌ಲುಕ್ ಬಳಸುವವರು ಮೇಲ್‌ಗಳನ್ನು ಕೂಡಿಟ್ಟಿರುವ ಪಿಎಸ್‌ಟಿ ಕಡತವನ್ನು ಹುಡುಕಿ ತೆಗೆದಿಡಿ. ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪತ್ರಗಳು ನಿಮ್ಮಲ್ಲಿದ್ದರೆ, ಆ ಫಾಂಟ್ ಕಡತಗಳನ್ನೂ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನಕಲಿಸಿಕೊಳ್ಳಿ. ಯೂನಿಕೋಡ್ ಅಲ್ಲದ ಆ ಪತ್ರಗಳು ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲುಗಳಾಗಿ ತೆರೆದುಕೊಳ್ಳುತ್ತವೆ, ಮತ್ತು ಕಡತವೇ ಕೆಟ್ಟಿತೆಂದು ಭಾವಿಸಿ ಅಳಿಸಿದವರಿದ್ದಾರೆ.

ನಕಲಿಸಿದ ನಂತರ ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ನಾಲ್ಕಾರು ಕಡತಗಳನ್ನು ತೆರೆದು ನೋಡಿ. ಆಮೇಲೆ ಅದನ್ನು ಕಳಚಿ ಪಕ್ಕಕ್ಕಿಡಿ. ಕ್ಲೋನ್ ಮಾಡುವಾಗ ಅದು ಜೋಡಣೆಯಲ್ಲಿ ಇರಬಾರದು. ಪಟ್ಟಿಯಲ್ಲಿ ಕಾಣುವ ಡಿಸ್ಕುಗಳು ಎರಡೇ ಆಗಿದ್ದಷ್ಟೂ ತಪ್ಪು ಆಯ್ಕೆಯ ಸಾಧ್ಯತೆ ಕಡಿಮೆ.

## ಹಂತ 4: ವಿಂಡೋಸನ್ನು ಕ್ಲೋನ್‌ಗೆ ಅಣಿಗೊಳಿಸಿ

ಮೊದಲು ಎನ್‌ಕ್ರಿಪ್ಷನ್ (ಡಿಸ್ಕಿನ ಮಾಹಿತಿಗೆ ಹಾಕುವ ಗೂಢಲಿಪಿಯ ಬೀಗ) ನೋಡಿ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಸಿ ಡ್ರೈವಿನ ಚಿತ್ರದ ಮೇಲೆ ಬೀಗದ ಗುರುತಿದ್ದರೆ ಬಿಟ್‌ಲಾಕರ್ ಚಾಲೂ ಇದೆ ಎಂದರ್ಥ. ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಇದೇ ಸೌಲಭ್ಯ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಹೆಸರಿನಲ್ಲಿ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. 48 ಅಂಕಿಗಳ ರಿಕವರಿ ಕೀಯನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಂಡು, ನಂತರ ಎನ್‌ಕ್ರಿಪ್ಷನನ್ನು ಪೂರ್ತಿಯಾಗಿ ಆಫ್ ಮಾಡಿ. ಹಾರ್ಡ್ ಡಿಸ್ಕಿನಲ್ಲಿ ಇದು ಗಂಟೆಗಳನ್ನು ತೆಗೆದುಕೊಳ್ಳಬಹುದು. ತಾತ್ಕಾಲಿಕವಾಗಿ ನಿಲ್ಲಿಸುವ ಆಯ್ಕೆಯೂ ಇದೆಯಾದರೂ, ಮೊದಲ ಬಾರಿ ಮಾಡುವವರು ಅದನ್ನು ನೆಚ್ಚಬಾರದೆಂಬುದು ನನ್ನ ಅಭಿಪ್ರಾಯ.

ಎರಡನೆಯದಾಗಿ, ಸಿ ಡ್ರೈವಿನ ಪ್ರಾಪರ್ಟೀಸ್ ತೆರೆದು ಟೂಲ್ಸ್ ಟ್ಯಾಬಿನಲ್ಲಿ ‘ಚೆಕ್’ ಒತ್ತಿ ಫೈಲ್ ಸಿಸ್ಟಮ್ ದೋಷಗಳನ್ನು ಸರಿಪಡಿಸಿ. ಮೂರನೆಯದಾಗಿ, ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಇದು ಚಾಲೂ ಇರುವಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ರೆಯಲ್ಲಿ ಉಳಿಯುವುದರಿಂದ, ಪೆನ್ ಡ್ರೈವಿನಿಂದ ಬೂಟ್ ಮಾಡಿ ಕ್ಲೋನ್ ಮಾಡುವ ತಂತ್ರಾಂಶಗಳು ಆ ಪಾರ್ಟಿಷನ್ ಸರಿಯಾಗಿ ಮುಚ್ಚಿಲ್ಲವೆಂದು ದೂರುತ್ತವೆ.

ನಾಲ್ಕನೆಯ ಕೆಲಸವನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ: ಬಯೋಸ್ ಸೆಟ್ಟಿಂಗಿನ ಫೋಟೋ. ಯಂತ್ರ ಆನ್ ಮಾಡಿದ ಕೂಡಲೇ ಡೆಲ್, ಏಸರ್, ಏಸುಸ್‌ಗಳಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡಿನಲ್ಲಿ ಎಫ್1 ಒತ್ತಿದರೆ ಬಯೋಸ್ ತೆರೆಯುತ್ತದೆ. ಅಲ್ಲಿ ಬೂಟ್ ಮೋಡ್ ಯುಇಎಫ್‌ಐ ಇದೆಯೋ ಲೆಗಸಿ ಇದೆಯೋ (ಬೂಟ್ ಆಗುವ ಹೊಸ ಮತ್ತು ಹಳೆಯ ವಿಧಾನಗಳಿವು), ಸಾಟಾ ಮೋಡ್ ಎಎಚ್‌ಸಿಐ ಇದೆಯೋ ರೈಡ್ ಅಥವಾ ಐಡಿಇ ಇದೆಯೋ, ಸೆಕ್ಯೂರ್ ಬೂಟ್ ಹೇಗಿದೆ ಎಂಬ ಮೂರೂ ಪರದೆಗಳನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತಿರುವುದು ಸಾಮಾನ್ಯ. ಮುಖ್ಯ ಬ್ಯಾಟರಿಯನ್ನು ತೆಗೆದ ಕ್ಷಣದಲ್ಲಿ ಬಯೋಸ್ ತನ್ನ ನೆನಪನ್ನು ಕಳೆದುಕೊಂಡು ಕಾರ್ಖಾನೆಯ ಸೆಟ್ಟಿಂಗಿಗೆ ಮರಳುತ್ತದೆ, ಮತ್ತು ‘ಎಲ್ಲವನ್ನೂ ಸರಿಯಾಗಿಯೇ ಮಾಡಿದೆ, ಆದರೂ ನೀಲಿ ಪರದೆ’ ಎಂಬ ದೂರು ಹುಟ್ಟುವುದು ಅಲ್ಲಿಂದ. ಹಳೆಯ ಡಿಸ್ಕ್ ಇದ್ದಾಗಿನ ಸಾಟಾ ಮೋಡ್ ಯಾವುದಿತ್ತೆಂದು ಆಗ ನೆನಪಿನಿಂದ ಹೇಳುವುದು ಕಷ್ಟ. ಫೋಟೋ ಇದ್ದರೆ ಎರಡು ನಿಮಿಷದ ಕೆಲಸ.

ಸಾಟಾ ಡಿಸ್ಕಿನಿಂದ ಎನ್‌ವಿಎಂಇಗೆ ಹೋಗುವವರಿಗೆ ಮಾತ್ರ ಇನ್ನೊಂದು ಸಿದ್ಧತೆ ಬೇಕು. ಸಿಸ್ಟಮ್ ಕಾನ್ಫಿಗರೇಷನ್ ತೆರೆದು ಬೂಟ್ ಟ್ಯಾಬಿನಲ್ಲಿ ‘ಸೇಫ್ ಬೂಟ್’ ಗುರುತು ಹಾಕಿ, ರೀಸ್ಟಾರ್ಟ್ ಮಾಡದೆ ಹೊರಬಂದು, ಆ ಸ್ಥಿತಿಯಲ್ಲಿ ಕ್ಲೋನ್ ಮಾಡಿ. ಹೊಸ ಡ್ರೈವಿನಿಂದ ಮೊದಲ ಬಾರಿ ಸೇಫ್ ಮೋಡಿನಲ್ಲಿ ಏಳುವ ವಿಂಡೋಸ್ ಬೇಕಾದ ಡ್ರೈವರನ್ನು ತಾನೇ ಜೋಡಿಸಿಕೊಳ್ಳುತ್ತದೆ; ನಂತರ ಗುರುತು ತೆಗೆದು ರೀಸ್ಟಾರ್ಟ್ ಮಾಡಬೇಕು. ಸೇಫ್ ಮೋಡಿನಲ್ಲಿ ಪಿನ್ ಕೆಲಸ ಮಾಡದೆ ಇರಬಹುದಾದ್ದರಿಂದ ಖಾತೆಯ ಪೂರ್ಣ ಪಾಸ್‌ವರ್ಡ್ ಗೊತ್ತಿರಲಿ.

## ಹಂತ 5: ಕ್ಲೋನ್ ಮಾಡಿ

ಲ್ಯಾಪ್‌ಟಾಪನ್ನು ಇನ್ನೂ ಬಿಚ್ಚಬೇಡಿ. ಎಸ್‌ಎಸ್‌ಡಿಯನ್ನು ಅಡಾಪ್ಟರ್ ಮೂಲಕ ಹೊರಗಿನಿಂದ ಜೋಡಿಸಿ, ಮೂಲ ಡಿಸ್ಕ್ ಒಳಗಿರುವಂತೆಯೇ ಕ್ಲೋನ್ ಮಾಡಬೇಕು. ಅಡಾಪ್ಟರನ್ನು ನೀಲಿ ಬಣ್ಣದ ಅಥವಾ ‘ಎಸ್‌ಎಸ್’ ಗುರುತಿರುವ ಪೋರ್ಟಿಗೆ ನೇರವಾಗಿ ಹಾಕಿ. ಯುಎಸ್‌ಬಿ ಹಬ್ ಬೇಡವೇ ಬೇಡ. 200 ಜಿಬಿ ಡೇಟಾ ಯುಎಸ್‌ಬಿ 3.0ರಲ್ಲಿ ಸುಮಾರು ಮುಕ್ಕಾಲು ಗಂಟೆ ತೆಗೆದುಕೊಂಡರೆ, ಯುಎಸ್‌ಬಿ 2.0 ಪೋರ್ಟಿನಲ್ಲಿ ಎರಡು ಗಂಟೆಯ ಹತ್ತಿರ ಹೋಗುತ್ತದೆ.

ಚಾರ್ಜರ್ ಜೋಡಿಸಿ, ಬ್ಯಾಟರಿಯೂ ಇರಲಿ. ಬ್ಯಾಟರಿ ಸತ್ತಿರುವ ಯಂತ್ರವಾದರೆ ಯುಪಿಎಸ್ ಇಲ್ಲದೆ ಆರಂಭಿಸಬೇಡಿ. ಮಳೆಗಾಲದ ಸಂಜೆ ಕರೆಂಟ್ ಹೋಗುವ ಊರುಗಳಲ್ಲಿ ಬೆಳಗಿನ ಹೊತ್ತನ್ನು ಆರಿಸಿಕೊಳ್ಳುವುದು ಕ್ಷೇಮ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು ‘ನೆವರ್’ ಮಾಡಿ.

ತಂತ್ರಾಂಶದ ಆಯ್ಕೆಯಲ್ಲಿ ಮೊದಲು ಎಸ್‌ಎಸ್‌ಡಿ ತಯಾರಕರದ್ದನ್ನೇ ನೋಡಿ. ಸ್ಯಾಮ್‌ಸಂಗ್ ತನ್ನದೇ ಡ್ರೈವುಗಳಿಗೆ ಮಾತ್ರ ಕೆಲಸ ಮಾಡುವ ತಂತ್ರಾಂಶ ಕೊಡುತ್ತದೆ. ಕ್ರೂಷಿಯಲ್, ಕಿಂಗ್‌ಸ್ಟನ್, ವೆಸ್ಟರ್ನ್ ಡಿಜಿಟಲ್ ತಮ್ಮ ಡ್ರೈವುಗಳನ್ನು ಕೊಂಡವರಿಗೆ ಅಕ್ರೋನಿಸ್‌ನ ಒಂದು ಆವೃತ್ತಿಯನ್ನು ಒದಗಿಸಿವೆ. ಹಳೆಯ ಲೇಖನಗಳೆಲ್ಲ ಶಿಫಾರಸು ಮಾಡುವ ಮ್ಯಾಕ್ರಿಯಮ್ ರಿಫ್ಲೆಕ್ಟಿನ ಉಚಿತ ಆವೃತ್ತಿಯನ್ನು ಅದರ ತಯಾರಕರು ನಿಲ್ಲಿಸಿದ್ದಾರೆ. ಅದರ ಹಳೆಯ ಪ್ರತಿಯನ್ನು ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವ ಸಾಹಸ ಬೇಡ. ಕ್ಲೋನ್‌ಜಿಲ್ಲಾ ಉಚಿತ ಮತ್ತು ನಂಬಿಕೆಗೆ ಅರ್ಹ, ಆದರೆ ಅದು ಸಾಮಾನ್ಯವಾಗಿ ಗುರಿಯು ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಾಗಿರಬೇಕೆಂದು ಬಯಸುತ್ತದೆ, ಮತ್ತು ಡಿಸ್ಕುಗಳನ್ನು ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳಿಂದ ತೋರಿಸುತ್ತದೆ. ಆ ಹೆಸರುಗಳನ್ನು ನಂಬಬೇಡಿ, ಪಕ್ಕದಲ್ಲಿ ಬರೆದಿರುವ ಮಾದರಿ ಸಂಖ್ಯೆಯನ್ನು ಓದಿ.

ಯಾವ ತಂತ್ರಾಂಶವೇ ಆಗಲಿ, ಆಯ್ಕೆ ಮಾಡಬೇಕಾದದ್ದು ಇಡೀ ಡಿಸ್ಕನ್ನು, ಸಿ ಡ್ರೈವನ್ನು ಮಾತ್ರವಲ್ಲ. ಯುಇಎಫ್‌ಐ ಯಂತ್ರದಲ್ಲಿ ಬೂಟ್ ಮಾಡಿಸುವ ಮಾಹಿತಿ ಇರುವುದು ಇಎಫ್‌ಐ ಎಂಬ ಚಿಕ್ಕ, (ಸಿ, ಡಿ ಎಂಬಂಥ) ಡ್ರೈವ್ ಅಕ್ಷರವಿಲ್ಲದ ಪಾರ್ಟಿಷನಿನಲ್ಲಿ. ಅದು ಬಿಟ್ಟುಹೋದರೆ ಎಲ್ಲ ಕಡತಗಳೂ ಬಂದಿದ್ದರೂ ಯಂತ್ರ ಏಳುವುದಿಲ್ಲ.

ಗುರಿ ಚಿಕ್ಕದಾಗಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವನ್ನು ‘ಶ್ರಿಂಕ್’ ಮಾಡಬೇಕಾಗಬಹುದು. ಎಷ್ಟೋ ಜಾಗ ಖಾಲಿಯಿದ್ದರೂ ವಿಂಡೋಸ್ ಸ್ವಲ್ಪ ಮಾತ್ರ ಕುಗ್ಗಿಸಲು ಒಪ್ಪಿದರೆ, ಹೈಬರ್ನೇಷನ್, ಪೇಜ್ ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಬಳಸುವ ಡಿಸ್ಕಿನ ಕಡತ) ಮತ್ತು ಸಿಸ್ಟಮ್ ರಿಸ್ಟೋರ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ ರೀಸ್ಟಾರ್ಟ್ ಮಾಡಿ. ಜಾಗದ ನಡುವೆ ಕದಲದೆ ಕುಳಿತಿರುವುದು ಇವುಗಳ ಕಡತಗಳೇ. ಇನ್ನೊಂದು ಸಂಗತಿ: ಅನೇಕ ಲ್ಯಾಪ್‌ಟಾಪುಗಳಲ್ಲಿ ತಯಾರಕರ ರಿಕವರಿ ಪಾರ್ಟಿಷನ್ ಡಿಸ್ಕಿನ ತುದಿಯಲ್ಲಿರುತ್ತದೆ. ಸಿ ಕುಗ್ಗಿದರೂ ಆ ತುದಿಯ ಪಾರ್ಟಿಷನ್ ತನ್ನ ಜಾಗದಲ್ಲಿಯೇ ಉಳಿಯುವುದರಿಂದ, ಅದನ್ನು ಮುಂದಕ್ಕೆ ಸರಿಸಬಲ್ಲ ತಂತ್ರಾಂಶದಿಂದ ಮಾತ್ರ ಚಿಕ್ಕ ಡ್ರೈವಿಗೆ ಕ್ಲೋನ್ ಸಾಧ್ಯ. ಎಸ್‌ಎಸ್‌ಡಿ ತಯಾರಕರ ತಂತ್ರಾಂಶಗಳು ಸಾಮಾನ್ಯವಾಗಿ ಇದನ್ನು ತಾವೇ ಮಾಡುತ್ತವೆ.

‘ಸ್ಟಾರ್ಟ್’ ಒತ್ತುವ ಮೊದಲು ಪರದೆಯಲ್ಲಿ ಕಾಣುವ ಮೂಲ ಮತ್ತು ಗುರಿಗಳ ಹೆಸರನ್ನು ಗಟ್ಟಿಯಾಗಿ ಓದಿಕೊಳ್ಳಿ. ಗುರಿಯೆಂದು ಸೂಚಿಸಿರುವ ಡಿಸ್ಕ್ ಖಾಲಿಯಾಗಿ ಕಾಣುತ್ತಿರಬೇಕು. ಅಲ್ಲಿ ನಿಮ್ಮ ಸಿ ಡ್ರೈವ್ ಕಂಡರೆ ಕೈ ತೆಗೆಯಿರಿ.

## ಹಂತ 6: ಲ್ಯಾಪ್‌ಟಾಪ್ ಬಿಚ್ಚಿ ಡ್ರೈವ್ ಬದಲಿಸಿ

ಯಂತ್ರವನ್ನು ಶಟ್‌ಡೌನ್ ಮಾಡಿ, ಚಾರ್ಜರ್ ಕಳಚಿ, ಹೊರಗಿನಿಂದ ತೆಗೆಯಬಹುದಾದ ಬ್ಯಾಟರಿಯಾದರೆ ತೆಗೆದಿಟ್ಟು, ಪವರ್ ಬಟನನ್ನು ಹದಿನೈದು ಸೆಕೆಂಡು ಒತ್ತಿಹಿಡಿಯಿರಿ. ಬ್ಯಾಟರಿ ಒಳಗೇ ಇರುವ ಮಾದರಿಯಾದರೆ ಹಿಂಬದಿಯ ಮುಚ್ಚಳ ತೆರೆದ ತಕ್ಷಣ ಮಾಡಬೇಕಾದ ಮೊದಲ ಕೆಲಸ ಅದರ ಕನೆಕ್ಟರ್ ಕಳಚುವುದು. ರತ್ನಗಂಬಳಿ, ಉಣ್ಣೆಯ ಬಟ್ಟೆಗಳಿಂದ ದೂರವಿದ್ದು, ಆಗಾಗ ಲೋಹದ ವಸ್ತುವೊಂದನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆಯಿರಿ.

ಒಂದು ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಅಡಿಭಾಗದ ಚಿತ್ರವನ್ನು ಒರಟಾಗಿ ಬರೆದು, ತೆಗೆದ ಪ್ರತಿಯೊಂದು ಸ್ಕ್ರೂವನ್ನು ಅದರ ಜಾಗದಲ್ಲಿಯೇ ಟೇಪಿನಿಂದ ಅಂಟಿಸುತ್ತಾ ಹೋಗಿ. ಇದು ಅತಿ ಎಚ್ಚರಿಕೆಯಲ್ಲ. ಮುಂಭಾಗದ ಸ್ಕ್ರೂಗಳು ಹಿಂಭಾಗದವುಗಳಿಗಿಂತ ಗಿಡ್ಡ ಇರುವ ಮಾದರಿಗಳು ಹಲವಿವೆ. ಗಿಡ್ಡ ಸ್ಕ್ರೂವಿನ ಜಾಗದಲ್ಲಿ ಉದ್ದದ್ದನ್ನು ತಿರುಗಿಸಿದರೆ ಅದು ಕೈ ಊರುವ ಭಾಗದ ಪ್ಲಾಸ್ಟಿಕ್ಕನ್ನು ಒಳಗಿನಿಂದ ಉಬ್ಬಿಸುತ್ತದೆ ಅಥವಾ ಕೆಳಗಿರುವ ಬೋರ್ಡನ್ನು ಕೊರೆಯುತ್ತದೆ.

ಎಲ್ಲ ಸ್ಕ್ರೂ ತೆಗೆದರೂ ಮುಚ್ಚಳ ಏಳದಿದ್ದರೆ ಬಲ ಪ್ರಯೋಗಿಸಬೇಡಿ. ರಬ್ಬರ್ ಪಾದಗಳ ಕೆಳಗೆ, ಸ್ಟಿಕ್ಕರಿನ ಅಡಿಯಲ್ಲಿ, ಡಿವಿಡಿ ಡ್ರೈವ್ ಎಳೆದ ಮೇಲೆ ಕಾಣುವ ಜಾಗದಲ್ಲಿ ಒಂದೆರಡು ಉಳಿದಿರುತ್ತವೆ. ಕೆಲವು ಮಾದರಿಗಳಲ್ಲಿ ಕೀಬೋರ್ಡನ್ನು ಮೇಲಿನಿಂದ ಎತ್ತಬೇಕಾಗುತ್ತದೆ. ಅದರ ಕೆಳಗಿನ ಚಪ್ಪಟೆ ಕೇಬಲ್ಲನ್ನು ಎಳೆಯುವ ಮೊದಲು ಕನೆಕ್ಟರಿನ ಪುಟ್ಟ ಅಗುಳಿಯನ್ನು ಉಗುರಿನಿಂದ ಮೇಲಕ್ಕೆ ಎತ್ತಿ. ಅಗುಳಿ ಎತ್ತದೆ ಎಳೆದರೆ ಕೇಬಲ್ ಅಲ್ಲ, ಮದರ್‌ಬೋರ್ಡಿನ ಕನೆಕ್ಟರೇ ಕಿತ್ತುಬರುತ್ತದೆ.

ಹಳೆಯ ಡಿಸ್ಕನ್ನು ಅದರ ಲೋಹದ ತೊಟ್ಟಿಲಿನೊಂದಿಗೆ ಹೊರತೆಗೆದು, ಬದಿಯ ನಾಲ್ಕು ಸ್ಕ್ರೂ ಬಿಚ್ಚಿ, ಎಸ್‌ಎಸ್‌ಡಿಯನ್ನು ಅದೇ ದಿಕ್ಕಿನಲ್ಲಿ ಕೂರಿಸಿ. ಕನೆಕ್ಟರಿನ ತುದಿಯಲ್ಲಿರುವ ಎಲ್ ಆಕಾರ ಹೊಂದಿಕೊಂಡರೆ ಮಾತ್ರ ಅದು ಒಳಹೋಗುತ್ತದೆ. ಬಿಗಿಯಾಗಿದೆ ಎನ್ನಿಸಿದರೆ ದಿಕ್ಕು ತಪ್ಪಿದೆ ಎಂದರ್ಥ. ಎಂ.2 ಆದರೆ ಓರೆಯಾಗಿ ಸ್ಲಾಟಿಗೆ ತೂರಿಸಿ, ಕೆಳಕ್ಕೆ ಒತ್ತಿ ಸ್ಕ್ರೂ ಹಾಕಿ.

ಮುಚ್ಚಳ ತೆರೆದಿರುವಾಗಲೇ ಫ್ಯಾನಿನ ಧೂಳನ್ನು ಮೆದು ಬ್ರಷ್ಷಿನಿಂದ ತೆಗೆಯಿರಿ. 4 ಜಿಬಿ ರ‍್ಯಾಮ್ ಇರುವ ಯಂತ್ರವಾದರೆ ಇನ್ನೊಂದು ಕಡ್ಡಿ ಸೇರಿಸುವುದು ಒಳ್ಳೆಯದು, ಆದರೆ ಡಿಡಿಆರ್3 ಮತ್ತು ಡಿಡಿಆರ್4 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ರ‍್ಯಾಮ್ ಹಾಕುವವರು ಎಸ್‌ಎಸ್‌ಡಿಯಿಂದ ಯಂತ್ರ ಒಮ್ಮೆ ಬೂಟ್ ಆದ ಮೇಲೆ ಹಾಕಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ದೋಷ ಯಾವುದರದ್ದೆಂದು ತಿಳಿಯುವುದಿಲ್ಲ.

## ಹಂತ 7: ಮೊದಲ ಬೂಟ್

ಈ ಬಾರಿ ಯಂತ್ರದಲ್ಲಿ ಹೊಸ ಎಸ್‌ಎಸ್‌ಡಿ ಒಂದೇ ಇರಬೇಕು. ಹಳೆಯ ಡಿಸ್ಕ್ ಯುಎಸ್‌ಬಿಯಲ್ಲಿಯೂ ಇರಬಾರದು, ಡಿವಿಡಿ ಜಾಗದಲ್ಲಿಯೂ ಇರಬಾರದು. ಒಂದೇ ಗುರುತಿನ ಎರಡು ಡಿಸ್ಕುಗಳು ಕಂಡಾಗ ವಿಂಡೋಸ್ ಹಳೆಯದರಿಂದಲೇ ಬೂಟ್ ಆಗಬಹುದು, ಅಥವಾ ಡ್ರೈವ್ ಅಕ್ಷರಗಳನ್ನು ಬೆರೆಸಿ ಹೊಸದನ್ನು ಹಳೆಯದರ ಮೇಲೆ ಅವಲಂಬಿಸುವಂತೆ ಮಾಡಬಹುದು. ಅಂಥ ಯಂತ್ರ ಹಳೆಯ ಡಿಸ್ಕ್ ತೆಗೆದ ದಿನ ನಿಂತುಬಿಡುತ್ತದೆ.

ಮೊದಲು ಬಯೋಸಿಗೆ ಹೋಗಿ ಫೋಟೋ ಜೊತೆ ಹೋಲಿಸಿ, ಬದಲಾದದ್ದನ್ನು ಮೊದಲಿನಂತೆ ಮಾಡಿ, ಎಸ್‌ಎಸ್‌ಡಿಯ ಹೆಸರು ಕಾಣುತ್ತಿದೆಯೇ ನೋಡಿ ಹೊರಬನ್ನಿ. ಎಲ್ಲವೂ ಸರಿಯಿದ್ದರೆ ವಿಂಡೋಸ್ ಮೊದಲಿನಂತೆಯೇ ತೆರೆದುಕೊಳ್ಳುತ್ತದೆ. ಇಲ್ಲದಿದ್ದರೆ ಪರದೆ ಏನು ಹೇಳುತ್ತಿದೆ ಎಂಬುದನ್ನು ಓದಿ.

‘ನೋ ಬೂಟಬಲ್ ಡಿವೈಸ್’. ಬಯೋಸಿನಲ್ಲಿ ಎಸ್‌ಎಸ್‌ಡಿಯ ಹೆಸರೇ ಇಲ್ಲದಿದ್ದರೆ ಕನೆಕ್ಟರ್ ಪೂರ್ತಿ ಕೂತಿಲ್ಲ. ಹೆಸರಿದ್ದರೆ ಬೂಟ್ ಮೋಡ್ ತಪ್ಪಿದೆ: ಜಿಪಿಟಿ ಡಿಸ್ಕಿಗೆ ಯುಇಎಫ್‌ಐ, ಎಂಬಿಆರ್ ಡಿಸ್ಕಿಗೆ ಲೆಗಸಿ ಇರಬೇಕು (ಜಿಪಿಟಿ, ಎಂಬಿಆರ್ ಎಂಬುವು ಡಿಸ್ಕಿನಲ್ಲಿ ಪಾರ್ಟಿಷನ್‌ಗಳ ಪಟ್ಟಿ ಇಡುವ ಹೊಸ ಮತ್ತು ಹಳೆಯ ಪದ್ಧತಿಗಳು). ಮೋಡ್ ಸರಿಯಿದ್ದೂ ಇದೇ ಸಂದೇಶ ಬಂದರೆ ಇಎಫ್‌ಐ ಪಾರ್ಟಿಷನ್ ಕ್ಲೋನ್ ಆಗಿಲ್ಲ. ಇಡೀ ಡಿಸ್ಕ್ ಆಯ್ಕೆ ಮಾಡಿ ಮತ್ತೆ ಕ್ಲೋನ್ ಮಾಡಿ.

‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ. ಬಹುಪಾಲು ಸಂದರ್ಭಗಳಲ್ಲಿ ಸಾಟಾ ಮೋಡ್ ಬದಲಾಗಿದೆ. ಫೋಟೋದಲ್ಲಿದ್ದಂತೆ ಹಿಂದಿರುಗಿಸಿ. ಎನ್‌ವಿಎಂಇ ಆದರೆ ಹಂತ 4ರ ಸೇಫ್ ಬೂಟ್ ಸಿದ್ಧತೆ ಬಿಟ್ಟುಹೋಗಿದೆ.

ಬೂಟ್ ಕಡತ ಸಿಗುತ್ತಿಲ್ಲವೆಂಬ ದೋಷ. ಪೆನ್ ಡ್ರೈವಿನ ಇನ್‌ಸ್ಟಾಲರಿನಿಂದ ಬೂಟ್ ಮಾಡಿ, ‘ರಿಪೇರ್ ಯುವರ್ ಕಂಪ್ಯೂಟರ್’, ‘ಟ್ರಬಲ್‌ಶೂಟ್’ ಆಯ್ಕೆಗಳ ಮೂಲಕ ‘ಸ್ಟಾರ್ಟಪ್ ರಿಪೇರ್’ ನಡೆಸಿ. ಅದು ಒಮ್ಮೆಗೇ ಫಲಿಸದೆ ಎರಡನೆಯ ಬಾರಿ ಫಲಿಸುವುದುಂಟು.

ಇವುಗಳಲ್ಲಿ ಯಾವುದೂ ಕೈಗೂಡದಿದ್ದರೆ ಹಳೆಯ ಡಿಸ್ಕನ್ನು ಮರಳಿ ಹಾಕಿ. ಈವರೆಗಿನ ಕ್ರಮವನ್ನು ಪಾಲಿಸಿದ್ದರೆ ಅದು ಮೊದಲಿನಂತೆಯೇ ಬೂಟ್ ಆಗುತ್ತದೆ, ಹಂತ 4ರಿಂದ ಮತ್ತೆ ಆರಂಭಿಸಬಹುದು.

## ಹಂತ 8: ಬೂಟ್ ಆದ ನಂತರದ ಕೆಲಸಗಳು

ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ‘ಅನ್‌ಅಲೊಕೇಟೆಡ್’ ಎಂಬ ಕಪ್ಪು ಪಟ್ಟಿ ಕಂಡರೆ ನಿಮ್ಮ ಕಾಣೆಯಾದ ಜಾಗ ಅದೇ. ಅದು ಸಿ ಡ್ರೈವಿನ ಪಕ್ಕದಲ್ಲಿಯೇ ಇದ್ದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಾಡಿ. ನಡುವೆ ರಿಕವರಿ ಪಾರ್ಟಿಷನ್ ಇದ್ದು ಆ ಆಯ್ಕೆ ಮಂಕಾಗಿದ್ದರೆ, ಅದನ್ನು ಅಳಿಸಲು ಮುಂದಾಗಬೇಡಿ. ಖಾಲಿ ಜಾಗದಲ್ಲಿ ಒಂದು ಹೊಸ ಡಿ ಡ್ರೈವ್ ಮಾಡಿಕೊಳ್ಳುವುದೇ ಸುರಕ್ಷಿತ ಪರಿಹಾರ.

‘ಡಿಫ್ರಾಗ್ಮೆಂಟ್ ಅಂಡ್ ಆಪ್ಟಿಮೈಜ್ ಡ್ರೈವ್ಸ್’ ತೆರೆದು ಹೊಸ ಡ್ರೈವಿನ ಮುಂದೆ ‘ಸಾಲಿಡ್ ಸ್ಟೇಟ್ ಡ್ರೈವ್’ ಎಂದಿರುವುದನ್ನು ಖಚಿತಪಡಿಸಿಕೊಳ್ಳಿ. ಹಾಗಿದ್ದರೆ ವಿಂಡೋಸ್ ತಾನಾಗಿಯೇ ಟ್ರಿಮ್ (ಅಳಿಸಿದ ಕಡತಗಳ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಕೆಲಸ) ಮಾಡುತ್ತದೆ, ನೀವು ಬೇರೇನೂ ಮಾಡಬೇಕಿಲ್ಲ. ಹಂತ 4 ಮತ್ತು 5ರಲ್ಲಿ ಆಫ್ ಮಾಡಿದ ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್, ಎನ್‌ಕ್ರಿಪ್ಷನ್‌ಗಳನ್ನು ಮತ್ತೆ ಆನ್ ಮಾಡಿ. ಎಸ್‌ಎಸ್‌ಡಿ ಸವೆಯುತ್ತದೆಂದು ಪೇಜ್ ಫೈಲನ್ನು ಶಾಶ್ವತವಾಗಿ ನಿಲ್ಲಿಸಬೇಕೆಂಬ ಸಲಹೆಯನ್ನು ಕೇಳಬೇಡಿ. ಕಡಿಮೆ ರ‍್ಯಾಮ್ ಇರುವ ಯಂತ್ರದಲ್ಲಿ ಅದರಿಂದ ಪ್ರೋಗ್ರಾಮುಗಳು ಹಠಾತ್ತನೆ ಮುಚ್ಚಿಕೊಳ್ಳುತ್ತವೆ.

## ಹಂತ 9: ಕ್ಲೋನ್ ಆಗದವರಿಗೆ ಹೊಸ ಇನ್‌ಸ್ಟಾಲ್

ಹಳೆಯ ಡಿಸ್ಕ್ ಕೆಟ್ಟಿದ್ದರೆ, ಕಡತಗಳನ್ನು ಉಳಿಸಿಕೊಂಡ ನಂತರ ಹಂತ 6ರಂತೆ ಎಸ್‌ಎಸ್‌ಡಿ ಹಾಕಿ, ಪೆನ್ ಡ್ರೈವಿನಿಂದ ಬೂಟ್ ಮಾಡಿ ವಿಂಡೋಸ್ ಹಾಕಿ. ಪಾರ್ಟಿಷನ್ ಕೇಳುವ ಪರದೆಯಲ್ಲಿ ಖಾಲಿ ಜಾಗವನ್ನು ಆರಿಸಿ ‘ನೆಕ್ಸ್ಟ್’ ಒತ್ತಿದರೆ ಸಾಕು, ಉಳಿದದ್ದನ್ನು ಇನ್‌ಸ್ಟಾಲರ್ ನೋಡಿಕೊಳ್ಳುತ್ತದೆ. ಡ್ರೈವ್ ಬದಲಿಸಿದ್ದರಿಂದ ವಿಂಡೋಸ್ ಲೈಸೆನ್ಸ್ ಹೋಗುವುದಿಲ್ಲ. ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಕೀ ಕೇಳಿದರೆ ‘ನನ್ನ ಬಳಿ ಕೀ ಇಲ್ಲ’ ಎಂಬ ಆಯ್ಕೆ ಒತ್ತಿ ಮೊದಲಿದ್ದ ಆವೃತ್ತಿಯನ್ನೇ ಆರಿಸಿ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದನ್ನು ಗಮನದಲ್ಲಿಟ್ಟುಕೊಳ್ಳಿ. ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಅರ್ಹವಾಗಿದ್ದರೆ ನೇರವಾಗಿ ಅದನ್ನೇ ಹಾಕಿ. ಅರ್ಹವಲ್ಲದಿದ್ದರೆ, ಟ್ಯಾಲಿಯಂಥ ವಿಂಡೋಸ್ ಮಾತ್ರದ ತಂತ್ರಾಂಶಗಳ ಅಗತ್ಯವಿಲ್ಲದ ಮನೆಗಳಲ್ಲಿ ಲಿನಕ್ಸ್ ಮಿಂಟ್ ಯೋಗ್ಯವಾದ ಆಯ್ಕೆ.

## ಹಂತ 10: ಹಳೆಯ ಡಿಸ್ಕನ್ನು ಏನು ಮಾಡಬೇಕು

ಕೆಲವು ವಾರಗಳವರೆಗೆ ಏನೂ ಮಾಡಬೇಡಿ. ಯುಎಸ್‌ಬಿಯಲ್ಲಿ ಹಾಕಿ ನೋಡುವ ಕುತೂಹಲವೂ ಬೇಡ: ಎಂಬಿಆರ್ ಡಿಸ್ಕಾದರೆ ವಿಂಡೋಸ್ ಅದನ್ನು ಗುರುತಿನ ಘರ್ಷಣೆಯ ಕಾರಣ ನೀಡಿ ‘ಆಫ್‌ಲೈನ್’ ಎಂದು ತೋರಿಸುತ್ತದೆ, ನೀವು ‘ಆನ್‌ಲೈನ್’ ಮಾಡಿದ ಕ್ಷಣ ಅದರ ಗುರುತನ್ನು ಬದಲಿಸುತ್ತದೆ, ಅಲ್ಲಿಂದ ಮುಂದೆ ಆ ಡಿಸ್ಕ್ ಬೂಟ್ ಆಗುವುದಿಲ್ಲ. ಹೊಸ ಎಸ್‌ಎಸ್‌ಡಿಯಲ್ಲಿ ಎಲ್ಲ ಕೆಲಸಗಳೂ, ಮುಖ್ಯವಾಗಿ ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಮತ್ತು ಲೆಕ್ಕದ ತಂತ್ರಾಂಶ, ನಡೆಯುತ್ತಿವೆ ಎಂದು ಖಾತ್ರಿಯಾಗುವವರೆಗೆ ಹಳೆಯದನ್ನು ಕವರಿನಲ್ಲಿ ಹಾಕಿ ತೇವವಿಲ್ಲದ ಜಾಗದಲ್ಲಿಡಿ.

ಆರೋಗ್ಯವಾಗಿರುವ ಡಿಸ್ಕನ್ನು ಆಮೇಲೆ ಎನ್‌ಕ್ಲೋಶರಿಗೆ ಹಾಕಿ ಬ್ಯಾಕಪ್‌ಗೆ ಬಳಸಬಹುದು. ಬೇರೆಯವರಿಗೆ ಕೊಡುವುದಾದರೆ ಹಳೆಯ ಪಾರ್ಟಿಷನ್‌ಗಳನ್ನು ಅಳಿಸಿ ಒಂದೇ ಪಾರ್ಟಿಷನ್ ಮಾಡಿ, ‘ಕ್ವಿಕ್ ಫಾರ್ಮ್ಯಾಟ್’ ಗುರುತು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿ. ಆಗ ವಿಂಡೋಸ್ ಇಡೀ ಪಾರ್ಟಿಷನಿನ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. ಕೆಟ್ಟ ಸೆಕ್ಟರುಗಳಿರುವ ಡಿಸ್ಕನ್ನು ಯಾರಿಗೂ ಕೊಡಬೇಡಿ. ಅದನ್ನು ಸುತ್ತಿಗೆಯಿಂದ ಒಡೆಯಲು ಹೋಗುವುದೂ ಅಪಾಯ, ಏಕೆಂದರೆ ಲ್ಯಾಪ್‌ಟಾಪ್ ಡಿಸ್ಕುಗಳ ಒಳಗಿನ ತಟ್ಟೆಗಳು ಅನೇಕ ವೇಳೆ ಗಾಜಿನವು, ಹೊಡೆತಕ್ಕೆ ಚೂರಾಗಿ ಸಿಡಿಯುತ್ತವೆ. ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಟ್ಟು, ಡಿಸ್ಕ್ ನಾಶಪಡಿಸಿದ್ದಕ್ಕೆ ಪ್ರಮಾಣಪತ್ರ ಕೊಡುತ್ತಾರೆಯೇ ಎಂದು ವಿಚಾರಿಸಿಕೊಳ್ಳಿ.